ಹಲ್ಲು ಕಚ್ಚಿಕೊಂಡವಳು

ಮಗಳ ಬಾಯಿ ತೆರೆಯದೆ ಹೋದದ್ದು ಒಂದು ಸೋಮವಾರ ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ.

ಕ್ಷೌರಿಕ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ಗಿರಾಕಿಗಳ ಕೊರಳಿಗೆ ಕಟ್ಟುವ ಬಿಳಿ ಬಟ್ಟೆಗಳನ್ನು ಹಗ್ಗದಿಂದ ಎಳೆದು ಮಡಚುತ್ತಿದ್ದ. ಹೆಂಡತಿ ಒಂದು ಕೈಯಲ್ಲಿ ತಲೆ ಬಾಚಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಒಲೆ ಆರಿಸುತ್ತಿದ್ದಳು. ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಏಳೂವರೆಯ ಬಸ್ಸು ತಪ್ಪಿದರೆ ಗೇಟಿನಲ್ಲೇ ನಿಲ್ಲಿಸಿ ನಾಲ್ಕು ಜನರ ಮುಂದೆ ಬೈಯುತ್ತಾರೆ. ಅವಳ ತಾಯಿ, ಎಂದರೆ ಕ್ಷೌರಿಕನ ಅತ್ತೆ, ಗೋಡೆಗೊರಗಿ ಕೂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಬೊಚ್ಚು ಬಾಯಲ್ಲಿ ಮೆಲ್ಲುತ್ತಿದ್ದಳು. ಹನ್ನೆರಡು ವರ್ಷದ ಮಗ ತಲೆಯೆತ್ತದೆ ಗಬಗಬ ನುಂಗುತ್ತಿದ್ದ. ಮೈಯಲ್ಲಿ ಮಾಂಸವೇ ಇಲ್ಲದ್ದರಿಂದ ಅವನನ್ನು ಎಲ್ಲರೂ ಕರೆಯುವುದು ಕಡ್ಡಿ ಎಂದು. ಅವನ ಎಡತೋಳಿನ ಮೇಲೆ ಹಿಂದಿನ ಸಂಜೆಯ ಬಾಸುಂಡೆ ಇನ್ನೂ ಕೆಂಪಗೆ ಎದ್ದಿತ್ತು.

ಹದಿನಾರರ ಮಗಳು ಮಾತ್ರ ತಟ್ಟೆ ಮುಟ್ಟಿರಲಿಲ್ಲ.

"ತಿನ್ನೇ. ಬ್ರೆಡ್ಡಿನ ಮುಖ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ?" ಎಂದಳು ತಾಯಿ.

ಮಗಳು ಒಂದು ಚೂರು ಮುರಿದು ತುಟಿಗಿಟ್ಟಳು. ತುಟಿ ತೆರೆಯಿತು, ಹಲ್ಲು ತೆರೆಯಲಿಲ್ಲ. ಬೆರಳಿನಿಂದ ಒತ್ತಿದಳು. ಬ್ರೆಡ್ಡು ಹಲ್ಲಿನ ಮೇಲೆ ಮುದ್ದೆಯಾಗಿ ಕೆಳಗೆ ಬಿತ್ತು.

"ಆಗ್ತಿಲ್ಲಮ್ಮ," ಎಂದಳು ಹಲ್ಲಿನ ಸಂದಿಯಿಂದಲೇ. "ಬಾಯಿ ಬರ್ತಿಲ್ಲ."

"ಬಾಯಿ ಬರ್ತಿಲ್ವಾ? ಅದೇನು ಸೋಮವಾರ ರಜಾ ಹಾಕಿದೆಯಾ?"

ಅತ್ತೆ ಕಿಸಕ್ಕನೆ ನಕ್ಕಳು. ಕಡ್ಡಿ ನಗಲಿಲ್ಲ. ಅವನು ಅಕ್ಕನ ಕಡೆ ನೋಡಿ, ಅಮ್ಮನ ಕಡೆ ನೋಡಿ, ತಟ್ಟೆಯನ್ನು ಇನ್ನಷ್ಟು ಬೇಗ ಖಾಲಿ ಮಾಡಿ ಎದ್ದ.

ಕ್ಷೌರಿಕ ಬಗ್ಗಿ ಮಗಳ ಕೆನ್ನೆ ಮುಟ್ಟಿದ. ದಿನಕ್ಕೆ ಇಪ್ಪತ್ತು ದವಡೆ ಕೈಯಲ್ಲಿ ಹಿಡಿಯುವವನು ಅವನು. ಬಿಗಿಹಿಡಿದು ಕೂತ ಗಿರಾಕಿಯ ಕೆನ್ನೆಗೆ ಎರಡು ಬೆರಳಲ್ಲಿ ಮೆಲ್ಲಗೆ ತಟ್ಟಿ "ಸಡಿಲ ಬಿಡಿ" ಎಂದರೆ ಸಾಕು, ಸ್ನಾಯು ಇಳಿಯುತ್ತದೆ. ಮಗಳ ಕಿವಿಯ ಕೆಳಗೆ ಇಳಿಯುವ ಸ್ನಾಯುವೇ ಸಿಗಲಿಲ್ಲ. ಹುಣಸೆಬೀಜ ಹೂತಿಟ್ಟ ಹಾಗೆ ಗಟ್ಟಿ ಗಂಟು ಸಿಕ್ಕಿತು.

"ಸಡಿಲ ಬಿಡು ಮರಿ."

"ಬಿಟ್ಟೇ ಇದೀನಿ ಅಪ್ಪ."

"ಸಂಜೆ ಹೊತ್ತಿಗೆ ಎಲ್ಲ ಸರಿಹೋಗುತ್ತೆ. ಇವತ್ತು ಗಣಿತ ಟೆಸ್ಟು ಇರ್ಬೇಕು, ಅದಕ್ಕೇ," ಎಂದು ಹೇಳಿ ಹೆಂಡತಿ ಚಪ್ಪಲಿ ಮೆಟ್ಟಿ ಹೋದಳು.

ಸಂಜೆಗೂ ಸರಿಹೋಗಲಿಲ್ಲ.

ಆ ಮನೆಯಲ್ಲಿ ಏಟು ಬೀಳುತ್ತಿದ್ದುದು ಕಡ್ಡಿಗೆ. ಹೆಂಡತಿ ಸೂಪರ್‌ವೈಸರ್ ಆದಾಗಿನಿಂದ ಅದು ವಾರಕ್ಕೆರಡು ಸಲ ಇದ್ದದ್ದು ಹೆಚ್ಚುಕಡಿಮೆ ದಿನವಹಿ ಆಗಿತ್ತು. ಫ್ಯಾಕ್ಟರಿಯ ಕಟಿಂಗ್ ವಿಭಾಗದವರು ಬಿಸಾಡಿದ್ದ ಒಂದು ಮರದ ಸ್ಕೇಲನ್ನು ಅವಳು ಮನೆಗೆ ತಂದಿದ್ದಳು. ಹಾಲು ಚೆಲ್ಲಿದರೆ ಸ್ಕೇಲು, ಶರ್ಟಿನ ಗುಂಡಿ ಕಿತ್ತರೆ ಸ್ಕೇಲು, ಕರೆದಾಗ ಒಂದೇ ಸಲಕ್ಕೆ ಬರದಿದ್ದರೆ ಸ್ಕೇಲು. ಅವಳು ಕೂಗಾಡುತ್ತ ಹೊಡೆಯುವವಳಲ್ಲ. ತುಟಿ ಬಿಗಿಹಿಡಿದು, ಲೆಕ್ಕವಿಟ್ಟ ಹಾಗೆ, ಒಂದೇ ಜಾಗಕ್ಕೆ ಹೊಡೆಯುವವಳು. ಕಡ್ಡಿ ಮೊದಮೊದಲು ಅಳುತ್ತಿದ್ದ. ಈಚೆಗೆ ತೋಳಿನಲ್ಲಿ ತಲೆ ಮುಚ್ಚಿ ಮೂಲೆಗೆ ಒತ್ತಿಕೊಂಡು ನಿಲ್ಲುತ್ತಿದ್ದ, ಅಷ್ಟೆ.

ಕ್ಷೌರಿಕ ಒಂದು ದಿನವೂ ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಅದು ಅವನಿಗೆ ಒಳಗೊಳಗೇ ಹೆಮ್ಮೆ. ಹೆಂಡತಿ ಸ್ಕೇಲಿಗೆ ಕೈ ಹಾಕಿದಳೆಂದರೆ ಅವನು ತನ್ನ ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಒಳಗೆ ಸದ್ದು ನಿಂತ ಮೇಲೆ ಕೈ ತೊಳೆಯಲು ಬರುತ್ತಿದ್ದ.

ಇನ್ನು ಮಗಳು. ಅವಳ ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲ. ಬೀಳುವ ಹಾಗೆ ಅವಳು ನಡೆದುಕೊಂಡದ್ದೇ ಇಲ್ಲ. ತಾಯಿ ಬರುವ ಮುಂಚೆ ಪಾತ್ರೆ ತೊಳೆದು ಬೋರಲು ಹಾಕಿ, ನೆಲ ಒರೆಸಿ, ತಮ್ಮನ ಪುಸ್ತಕ ಜೋಡಿಸಿ, ಅವನ ಕಿತ್ತ ಗುಂಡಿ ಹೊಲಿದು, ಬಾಗಿಲ ಹಿಂದೆ ನಿಂತು ಬಸ್ಸಿಳಿದ ಚಪ್ಪಲಿಯ ಸದ್ದು ಕೇಳಿಸಿಕೊಳ್ಳುತ್ತಿದ್ದಳು. "ಚಿನ್ನದಂಥ ಮಗಳು," ಎನ್ನುತ್ತಿದ್ದರು ಅಕ್ಕಪಕ್ಕದವರು. ತಾಯಿಯೂ ಹಾಗೇ ಎನ್ನುತ್ತಿದ್ದಳು, ಮಗನಿಗೆ ಹೊಡೆಯುವಾಗ: "ನೋಡು ನಿಮ್ಮಕ್ಕನ್ನ. ನೋಡಿ ಕಲ್ತ್ಕೊ."

ಮಂಗಳವಾರ ಬೀದಿ ತುದಿಯ ಡಾಕ್ಟರ ಬಳಿ ಕರೆದೊಯ್ದರು. ಕಿವಿ ಸರಿಯಾಗಿದೆ, ಗಂಟಲು ಸರಿಯಾಗಿದೆ, ಜ್ವರ ಇಲ್ಲ. ರಕ್ತ ಕೊಟ್ಟು ಬಂದರು. ಗುರುವಾರ ಚೀಟಿ ಬಂತು, ರಕ್ತವೂ ಸರಿಯಾಗಿತ್ತು. ಸ್ನಾಯು ಸಡಿಲವಾಗುವ ಗುಳಿಗೆ ಬರೆದುಕೊಟ್ಟರು. ಅದನ್ನು ಪುಡಿ ಮಾಡಿ ಹಾಲಿಗೆ ಹಾಕಿ ಸ್ಟ್ರಾದಲ್ಲಿ ಹೀರಬೇಕು. ಆ ವಾರವೆಲ್ಲ ಮಗಳು ಬದುಕಿದ್ದು ಸ್ಟ್ರಾದ ಮೇಲೇ. ಹಾಲು, ತೆಳ್ಳಗೆ ಮಾಡಿದ ಗಂಜಿ, ಬೇಳೆಕಟ್ಟು. ಸಂಜೆಯಾದರೆ ತಲೆನೋವು. ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತದೆಂದು ದಿಂಬಿಗೆ ಕಿವಿ ಒತ್ತಿ ಮಲಗುತ್ತಿದ್ದಳು.

"ಎಲ್ಲಾ ಸರಿಯಾಗಿದ್ರೆ ನೋವು ಎಲ್ಲಿಂದ ಬರುತ್ತೆ?" ಎಂದಳು ಹೆಂಡತಿ, ರಕ್ತದ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿ. "ಪರೀಕ್ಷೆ ತಪ್ಪಿಸ್ಕೊಳ್ಳೋ ನಾಟಕ ಇದು."

"ನಾಟಕ ಆಡೋ ಹುಡುಗಿ ಅಲ್ಲ ಕಣೇ ಅವಳು," ಎಂದ ಕ್ಷೌರಿಕ.

"ಹಾಗಾದ್ರೆ ಚೀಟಿ ಸುಳ್ಳಾ? ಯಂತ್ರ ಸುಳ್ಳು ಹೇಳುತ್ತಾ?"

"ನಮ್ಮ ಕಾಲ್ದಲ್ಲಿ ಇಂಥ ಕಾಯಿಲೆಗಳೇ ಇರ್ಲಿಲ್ಲ," ಎಂದಳು ಅತ್ತೆ. "ನಿಮ್ಮ ಹೆಂಡ್ತಿಗೇ ನಾನು ಸೌದೆ ತಗೊಂಡು ಹೊಡ್ದಿದೀನಿ. ಕೇಳಿ ಬೇಕಾದ್ರೆ. ಬಾಯಿ ಕಟ್ತಾ? ಇಲ್ಲ. ಬೆಂಕಿಯಂಥ ಬಾಯಿ ಬಂತು."

ಹೆಂಡತಿ ತಾಯಿಯ ಕಡೆ ಒಮ್ಮೆ ನೋಡಿದಳು. ಚೀಟಿ ಮಡಚಿ ಡಬ್ಬಿಯ ಕೆಳಗೆ ತೂರಿಸಿದಳು.

ಎರಡನೆಯ ವಾರದ ಬುಧವಾರ ಮಧ್ಯಾಹ್ನ ಮಗಳು ಶಾಲೆಯಲ್ಲಿ ತಲೆತಿರುಗಿ ಬಿದ್ದಳು. ಶಾಲೆಯವರು ಫ್ಯಾಕ್ಟರಿಗೆ ಫೋನ್ ಮಾಡಿದರು. ಆ ಹೊತ್ತಿಗೆ ಹೆಂಡತಿಯ ಹೊಲಿಗೆ ಲೈನಿನಲ್ಲಿ ಕಾಲರಿನ ಕೆಲಸ ತಪ್ಪಾಗಿ ನೂರಾರು ಅಂಗಿ ವಾಪಸು ಬಂದು ಬಿದ್ದಿದ್ದವು. ಅಷ್ಟನ್ನೂ ಬಿಟ್ಟು, ಮ್ಯಾನೇಜರನ ಮುಂದೆ ಕೈಕಟ್ಟಿ ನಿಂತು ಅಪ್ಪಣೆ ಕೇಳಿ ಅವಳು ಬರಬೇಕಾಯಿತು.

ಅಂಗಡಿಯಲ್ಲಿ ಕ್ಷೌರಿಕ ಒಬ್ಬ ಮುದುಕನ ಗಡ್ಡ ಹೆರೆಯುತ್ತಿದ್ದಾಗ ಫೋನು ಬಂತು. "ತಕ್ಷಣ ಮನೆಗೆ ಬನ್ನಿ," ಎಂದಷ್ಟೇ ಹೇಳಿ ಹೆಂಡತಿ ಇಟ್ಟುಬಿಟ್ಟಳು. ಮುದುಕನ ಇನ್ನರ್ಧ ಗಡ್ಡವನ್ನು ಅವಸರದಲ್ಲಿ ಮುಗಿಸಿ ಅವನು ಓಡಿಬಂದ.

ಮನೆಯಲ್ಲಿ ಮಗಳನ್ನು ಅಡುಗೆಮನೆಯ ಕುರ್ಚಿಯ ಮೇಲೆ ಕೂರಿಸಲಾಗಿತ್ತು. ಮುಖ ಸುಣ್ಣದ ಗೋಡೆಯಾಗಿತ್ತು. ಮುಂದೆ ಬಟ್ಟಲಿನಲ್ಲಿ ಅನ್ನ, ಮೊಟ್ಟೆ ಕಲಸಿ ಇಟ್ಟಿತ್ತು. ಹೆಂಡತಿಯ ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು.

"ಇವತ್ತು ಇವಳ ಬಾಯಿ ತೆಗೆಸೇ ತೆಗೆಸ್ತೀನಿ," ಎಂದಳು. "ಊರ ಮುಂದೆ ಬಿದ್ಳಂತೆ. ಮೇಷ್ಟ್ರು ಕೇಳ್ತಾರೆ, ಮನೇಲಿ ಊಟ ಹಾಕಲ್ವಾ ಅಂತ. ನನ್ನನ್ನ! ಊಟ ಹಾಕಲ್ವಾ ಅಂತ!"

"ಇರು, ಇನ್ನೊಬ್ಬ ಡಾಕ್ಟ್ರಿಗೆ ತೋರ್ಸೋಣ..."

"ತೋರ್ಸಿದ್ದು ಸಾಕು. ನೀವು ಗದ್ದ ಹಿಡೀರಿ. ದಿನಾ ಅದೇ ತಾನೇ ನಿಮ್ಮ ಕಸುಬು?"

ಅವನು ಹಿಡಿದ.

ಆಮೇಲೆ ಎಷ್ಟೋ ದಿನ ಅವನು ಇದಕ್ಕೆ ಕಾರಣ ಹುಡುಕಿದ. ಮಗಳು ಹಸಿವಿನಿಂದ ಸತ್ತಾಳೆಂಬ ಹೆದರಿಕೆ ಒಂದು. ಹೆಂಡತಿಯ ಕಣ್ಣು ನೋಡಿ ಹೆದರಿದ್ದು ಇನ್ನೊಂದು. ನಿಜ ಏನೆಂದರೆ ಅವನ ಕೈ ಅವನಿಗಿಂತ ಮುಂಚೆ ಹೋಗಿತ್ತು. ಎಡಗೈ ಗದ್ದದ ಕೆಳಗೆ, ಬಲಗೈ ನೆತ್ತಿಯ ಮೇಲೆ, ಮುಖ ಬೆಳಕಿನ ಕಡೆಗೆ. ಸಾವಿರ ಸಲ ಹಿಡಿದ ಹಿಡಿತ. ಮಗಳು ತಲೆ ಅಲ್ಲಾಡಿಸಲು ನೋಡಿದಳು. ಆಗಲಿಲ್ಲ, ಅವನ ಹಿಡಿತದಲ್ಲಿ ಯಾವ ತಲೆಯೂ ಅಲ್ಲಾಡುವುದಿಲ್ಲ.

ಹೆಂಡತಿ ಸ್ಟೀಲ್ ಚಮಚದ ಹಿಡಿಯನ್ನು ಹಲ್ಲಿನ ಸಾಲಿಗೆ ತೂರಿಸಿ ಮೀಟಿದಳು. "ತೆಗಿ. ತೆಗಿ ಅಂದೆ." ಮಗಳ ಗಂಟಲಿಂದ ಕರುವಿನಂಥ ಸದ್ದು ಬಂತು. ಕಾಲುಗಳು ನೆಲಕ್ಕೆ ಬಡಿದುಕೊಂಡವು. ಬಟ್ಟಲು ಉರುಳಿ ಅನ್ನ ಚೆಲ್ಲಿತು. ಹೆಂಡತಿ ಮೊಣಕಾಲನ್ನು ಮಗಳ ತೊಡೆಯ ಮೇಲೆ ಊರಿ ಇನ್ನೊಮ್ಮೆ ಮೀಟಿದಳು.

ಟಕ್ ಎಂದಿತು.

ಚಮಚ ಜಾರಿ ಒಸಡು ಸೀಳಿತು. ರಕ್ತ ಕ್ಷೌರಿಕನ ಎಡಗೈ ತುಂಬ ಬೆಚ್ಚಗೆ ಇಳಿಯಿತು. ಮುಂದಿನ ಹಲ್ಲಿನ ಅರ್ಧ ಚೂರು ಚೆಲ್ಲಿದ ಅನ್ನದ ಮೇಲೆ ಬಿದ್ದು ಅನ್ನದ ಬಣ್ಣವೇ ಆಗಿ ಕಾಣದೆ ಹೋಯಿತು.

"ಅಕ್ಕಾ!" ಎಂದು ಕಡ್ಡಿ ಬಾಗಿಲಲ್ಲಿ ಕಿರುಚಿದ. ಹೆಂಡತಿ ತಿರುಗಿ ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. ಅವನು ಬಾಗಿಲ ಚೌಕಟ್ಟಿಗೆ ತಲೆ ಹೊಡೆದುಕೊಂಡು ಕುಸಿದ.

ಮಗಳ ಬಾಯಿ ಆಗಲೂ ತೆರೆದಿರಲಿಲ್ಲ. ಕಚ್ಚಿದ ಹಲ್ಲಿನ ನಡುವಿಂದ ರಕ್ತ ಬರುತ್ತಿತ್ತು, ಅಷ್ಟೆ. ಅವಳು ಅಮ್ಮನನ್ನು ನೋಡುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿದ್ದರಿಂದ ಮೇಲೆ, ತಲೆಕೆಳಗಾಗಿ ಕಾಣುತ್ತಿದ್ದ ಅಪ್ಪನ ಮುಖವನ್ನು ನೋಡುತ್ತಿದ್ದಳು.

ಹಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಸೂಜಿ ಚುಚ್ಚಿ, ಕೆನ್ನೆಗೆ ಬಿಸಿ ಕೊಟ್ಟು, ಮುಕ್ಕಾಲು ಗಂಟೆ ಕಾದು, ಕಡೆಗೆ ಒಂದು ಬೆರಳು ತೂರುವಷ್ಟು ಬಾಯಿ ತೆರೆಸಿದರು. ಪುಟ್ಟ ಕನ್ನಡಿ ಒಳಗಿಟ್ಟು ಬಹಳ ಹೊತ್ತು ನೋಡಿದರು.

"ವಯಸ್ಸೆಷ್ಟು?"

"ಹದಿನಾರು," ಎಂದ ಕ್ಷೌರಿಕ.

"ಹಲ್ಲು ನೋಡಿದ್ರೆ ಅರವತ್ತು ಅನ್ಬೇಕು. ದವಡೆ ಹಲ್ಲೆಲ್ಲ ಸವೆದು ಚಪ್ಪಟೆ ಆಗಿದೆ. ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಟ್ಟಲೆ ಕಚ್ಚಿದ್ದು. ಕಚ್ಚೀ ಕಚ್ಚೀ ಈಗ ಸ್ನಾಯು ಬಿಡೋದನ್ನೇ ಮರೆತಿದೆ." ಕೈಗವಸು ಬಿಚ್ಚುತ್ತ ಕೇಳಿದರು: "ಈ ಮುಂದಿನ ಹಲ್ಲು ಹೇಗೆ ಮುರೀತು?"

"ಬಿದ್ಳು."

ಡಾಕ್ಟರು ಒಸಡಿನ ಸೀಳನ್ನು ನೋಡಿದರು, ಅವನನ್ನು ನೋಡಿದರು. "ಮನೇಲಿ ಹೊಡೀತೀರಾ ಇವಳನ್ನ?"

"ಅಯ್ಯೋ ಇಲ್ಲ ಮೇಡಂ! ಒಂದೇ ಒಂದು ಏಟು ಬಿದ್ದಿಲ್ಲ ಅವಳ ಮೈಮೇಲೆ."

"ಬೇರೆ ಯಾರಿಗಾದ್ರೂ ಬೀಳುತ್ತಾ? ಇವಳ ಕಣ್ಣ ಮುಂದೆ?"

ಕ್ಷೌರಿಕ ಎಡಗೈ ಉಗುರಿನ ಸಂದಿಯಲ್ಲಿ ಒಣಗಿದ್ದ ರಕ್ತವನ್ನು ಅಂಗಿಗೆ ಒರೆಸಿಕೊಂಡ. ಡಾಕ್ಟರು ಮತ್ತೆ ಕೇಳಲಿಲ್ಲ. ನಿದ್ದೆಯಲ್ಲಿ ಹಲ್ಲಿನ ನಡುವೆ ಇಟ್ಟುಕೊಳ್ಳುವ ಮೆತ್ತನೆಯ ಅಚ್ಚಿಗೆ ಅಳತೆ ತೆಗೆದುಕೊಂಡು, ಬಿಸಿ ಶಾಖದ ವಿಧಾನ ಹೇಳಿಕೊಟ್ಟು, "ವಾರಕ್ಕೊಮ್ಮೆ ಬರ್ಲಿ. ಆದ್ರೆ ಒಂದು ಮಾತು ಹೇಳ್ತೀನಿ, ನಾನು ಬಾಯಿ ಬಿಡಿಸಿ ಕಳಿಸ್ತೀನಿ, ಮನೆಗೆ ಹೋದ ತಕ್ಷಣ ಅದು ಮತ್ತೆ ಕಚ್ಕೊಂಡ್ರೆ ನಾನೇನೂ ಮಾಡೋಕಾಗಲ್ಲ," ಎಂದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಅವನಿಗೆ ವಾಸಿಯಿತ್ತು.

ದಾರಿಯಲ್ಲಿ, ಶಟರ್ ಎಳೆದ ಒಂದು ಅಂಗಡಿಯ ಮುಂದೆ ಮಗಳು ನಿಂತಳು. ಬಾಯಲ್ಲಿ ಹತ್ತಿ ಇತ್ತು. ಮಾತು ತೊದಲುತ್ತಿತ್ತು.

"ನೀನು ಗದ್ದ ಹಿಡ್ಕೊಂಡೆ."

"ಏನಾದ್ರೂ ತಿನ್ಲಿ ಅಂತ ಮರಿ. ನೀನು ತಿಂದು ಹತ್ತು ದಿನ ಆಗಿತ್ತಲ್ಲ, ಅದಕ್ಕೆ..."

"ಅಮ್ಮ ಕಡ್ಡೀಗೆ ಹೊಡೀವಾಗ ತಟ್ಟೆ ಎತ್ಕೊಂಡು ಆಚೆ ಹೋಗ್ತೀಯ. ನನ್ನ ಹಲ್ಲು ಮುರಿಯೋಕೆ ಮಾತ್ರ ಒಳಗೆ ಬಂದೆ."

ಒಂದು ಲಾರಿ ಹೋಯಿತು. ಅದು ಹೋಗುವವರೆಗೂ ಅವಳು ಕಾದಳು.

"ಮೂರು ವರ್ಷದ ಹಿಂದೆ ಕಡ್ಡಿ ಛತ್ರಿ ಕಳ್ಕೊಂಡು ಬಂದಿದ್ನಲ್ಲ. ಅವತ್ತು ನಾನು ಬೇಡಮ್ಮ ಬಿಡು ಅಂದೆ. ಅಮ್ಮ ಹೇಳಿದ್ಳು, ನೀನು ಬಾಯಿ ತೆಗೆದಿದ್ದಕ್ಕೆ ಇವನಿಗೆ ಇನ್ನೆರಡು ಅಂತ. ಹೊಡೆದ್ಳು. ಇನ್ನೊಂದ್ಸಲ ಅಂದೆ. ನಾಲ್ಕು ಹೊಡೆದ್ಳು. ಕಡ್ಡೀನೇ ನನ್ನ ಕಡೆ ನೋಡಿ, ಅಕ್ಕ ಸುಮ್ನಿರೇ ಅಂದ." ಅವಳು ಕೆನ್ನೆ ಹಿಡಿದುಕೊಂಡಳು. "ಆಮೇಲೆ ನಾನು ಬಾಯಿ ತೆಗೆದಿಲ್ಲ ಅಪ್ಪ. ಸ್ಕೇಲು ತಗೊಂಡ ತಕ್ಷಣ ಕಚ್ಕೋತೀನಿ. ಈಗೀಗ ಬಸ್ಸಿನ ಸದ್ದಿಗೇ ಕಚ್ಕೊಳ್ಳುತ್ತೆ."

ಅಷ್ಟು ಹೇಳಿ ಅವಳು ಮುಂದೆ ನಡೆದಳು.

ಇದಾದ ಮೇಲೆ ಅವನು ಎದ್ದು ನಿಂತುಬಿಟ್ಟ ಎಂದು ಹೇಳುವ ಹಾಗಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಕಳೆದು ಕಡ್ಡಿಗೆ ಮತ್ತೆ ಏಟು ಬಿತ್ತು. ಕ್ಷೌರಿಕ ತಟ್ಟೆ ಎತ್ತಿಕೊಂಡು ಹೊರಗೆ ಹೋಗಲಿಲ್ಲ, ಅಷ್ಟೇ ಅವನ ಕೈಲಾದದ್ದು. ಅನ್ನದಲ್ಲಿ ಕೈಯಿಟ್ಟು ಕೂತ. ಸ್ಕೇಲಿನ ಪ್ರತಿ ಸದ್ದಿಗೂ ಎದುರು ಕೂತ ಮಗಳ ಕಿವಿಯ ಕೆಳಗೆ ಗಂಟು ಉಬ್ಬುವುದನ್ನು ಅವನು ಆ ದಿನ ಮೊದಲ ಸಲ ನೋಡಿದ. ಏಟು ಮಗನ ಮೇಲೆ, ಉಬ್ಬು ಮಗಳ ದವಡೆಯಲ್ಲಿ. ಒಂದಕ್ಕೂ ತಪ್ಪಲಿಲ್ಲ.

ಮುಂದಿನ ಸೋಮವಾರ ಸಂಜೆ ಕಡ್ಡಿ ಶಾಲೆಯಿಂದ ಒಂದು ಪತ್ರ ತಂದ. ಅವನು ಪಕ್ಕದ ಬೆಂಚಿನ ಹುಡುಗನ ಮೂಗು ಒಡೆದಿದ್ದ. ಪೆನ್ನು ಕೇಳಿದ್ದಕ್ಕೆ ಕೊಡಲಿಲ್ಲವಂತೆ; ಇವನು ಮರದ ಡಸ್ಟರ್ ತೆಗೆದುಕೊಂಡು ಒಂದೇ ಜಾಗಕ್ಕೆ ಮೂರು ಸಲ ಹೊಡೆದನಂತೆ.

ಹೆಂಡತಿ ಪತ್ರ ಓದಿದಳು. ಫ್ಯಾಕ್ಟರಿಯಿಂದ ಬಂದು ಮುಖ ಕೂಡ ತೊಳೆದಿರಲಿಲ್ಲ. ಸ್ಕೇಲು ಎತ್ತಿದಳು. "ಮೂಗು ಒಡೀತೀಯ?" ಎಂದು ಒಂದು. "ರಕ್ತ ಬರ್ಸ್ತೀಯ?" ಎಂದು ಇನ್ನೊಂದು. "ಹೊಡೆಯೋದು ಯಾರು ಕಲಿಸಿದ್ರೋ ನಿಂಗೆ? ಹೇಳು, ಯಾರು ಕಲಿಸಿದ್ರು?" ಕಡ್ಡಿ ಮಂಚದ ಕೆಳಗೆ ನುಗ್ಗಿದ. ಅವಳು ಅವನ ಕಾಲು ಹಿಡಿದು ಹೊರಗೆಳೆದಳು. ಅವನ ಗಲ್ಲ ನೆಲದ ಮೇಲೆ ತರಚಿಕೊಂಡು ಬಂತು. ಮೂರನೆಯ ಏಟಿಗೆ ಸ್ಕೇಲು ಅವನ ಬೆನ್ನಿನ ಮೇಲೆ ಎರಡು ಹೋಳಾಯಿತು. ಅವಳು ಕೈಯಲ್ಲುಳಿದ ಚೂಪು ತುಂಡನ್ನೇ ಎತ್ತಿದಳು.

"ಸಾಕು," ಎಂದ ಕ್ಷೌರಿಕ. ಅವನು ಎದ್ದಿದ್ದ.

"ಊಟ ಮಾಡಿ ನೀವು. ಬೇಕಾದ್ರೆ ಆಚೆ ಹೋಗಿ."

"ಹೋಗಲ್ಲ. ಅದನ್ನ ಕೆಳಗಿಡು."

"ಇಷ್ಟು ವರ್ಷ ಬೆಕ್ಕಿನ ಹಾಗೆ ಮೆಟ್ಟಿಲ ಮೇಲೆ ಕೂತಿದ್ದು ಇವತ್ತು ಗಂಡಸಾದ್ರಾ?"

ಅವನು ಮಗನ ಮುಂದೆ ಹೋಗಿ ನಿಂತ. ಅವಳು ಬೀಸಿದಳು. ಮರದ ತುಂಡು ಅವನ ಬಲಗೈ ಗೆಣ್ಣುಗಳ ಮೇಲೆ ಬಿತ್ತು, ಚರ್ಮ ಕಿತ್ತಿತು. ಇನ್ನೊಮ್ಮೆ ಬೀಸಿದಳು, ಕಿವಿಗೆ ತಗುಲಿ ಅವನ ತಲೆಯೊಳಗೆಲ್ಲ ಗುಂಯ್ ಎಂದಿತು. ಅವನು ಅವಳ ಮಣಿಕಟ್ಟು ಹಿಡಿದ. ಅವಳು ಎಡಗೈಯಿಂದ ಅವನ ಮುಖ ಪರಚಿದಳು. ಆಗ ಅವನು ನೂಕಿದ. ತಡೆಯಲೆಂದು ಅಲ್ಲ, ಸಿಟ್ಟಿನಿಂದಲೇ ನೂಕಿದ. ಅವಳು ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ, ಪಕ್ಕಕ್ಕೆ ತಿರುಗಿ ಮುಗ್ಗರಿಸಿ, ಬೀರುವಿನ ಮೂಲೆಗೆ ಹಣೆ ಬಡಿದುಕೊಂಡು ಕೂತುಬಿಟ್ಟಳು.

"ಅಯ್ಯೋ ಕೊಂದ್ರು! ಅಳಿಯಂದ್ರೆ, ಹೆಂಗಸಿನ ಮೇಲೆ ಕೈ ಮಾಡಿದ್ರಾ!" ಎಂದು ಅತ್ತೆ ಎದೆ ಬಡಿದುಕೊಂಡಳು.

"ಇಷ್ಟು ಹೊತ್ತು ಎಲ್ಲಿತ್ತು ಅಜ್ಜಿ ನಿನ್ನ ಬಾಯಿ?" ಎಂದ ಕಡ್ಡಿ ನೆಲದ ಮೇಲಿಂದಲೇ. ಅತ್ತೆಯ ಬಾಯಿ ಮುಚ್ಚಿತು.

ಹೆಂಡತಿಯ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಮಗಳು ಎದ್ದು, ಅಪ್ಪನ ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು, ಅಮ್ಮನ ಹಣೆಗೆ ಒತ್ತಿ ಹಿಡಿದಳು. ಕಚ್ಚಿದ ಹಲ್ಲು ಕಚ್ಚಿದ ಹಾಗೇ ಇತ್ತು. ತಾಯಿ ಮಗಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದಳು. ಅರ್ಧ ಹಲ್ಲು, ಊದಿದ ತುಟಿ, ಕಿವಿಯ ಕೆಳಗಿನ ಗಂಟು. ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಬೆಳಿಗ್ಗೆ ಕ್ಷೌರಿಕ ಹೆಂಡತಿಯ ಜೊತೆ ಬಸ್‌ಸ್ಟಾಪಿನವರೆಗೂ ನಡೆದ. ಮದುವೆಯಾದ ಹೊಸತರಲ್ಲಿ ಹಾಗೆ ನಡೆದದ್ದಿತ್ತು.

"ಹಣೆಗೆ ಏನಾಯ್ತು ಅಂದ್ರೆ ಏನಂತೀಯ?" ಎಂದು ಕೇಳಿದ.

"ಬಚ್ಚಲಲ್ಲಿ ಜಾರಿದೆ ಅಂತೀನಿ. ಇನ್ನೇನು, ಗಂಡ ನೂಕಿದ ಅನ್ಲಾ?"

"ತಪ್ಪಾಯ್ತು. ನೂಕಬಾರ್ದಿತ್ತು."

ಅವಳು ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನೋಡಿದಳು. ಬಸ್ಸು ಇನ್ನೂ ಬಂದಿರಲಿಲ್ಲ.

"ನಿನ್ನ ಲೈನಲ್ಲಿ ಎಷ್ಟು ಜನ ಇದಾರೆ?"

"ನಲವತ್ತೆರಡು. ಯಾಕೆ?"

"ದಿನಕ್ಕೆ ಎಷ್ಟು ಜನ ತಪ್ಪು ಮಾಡ್ತಾರೆ?"

"ಎಷ್ಟು ಜನ ಮಾಡಲ್ಲ ಅಂತ ಕೇಳಿ."

"ಯಾರಿಗಾದ್ರೂ ಒಂದು ಏಟು ಹೊಡೆದಿದೀಯಾ?"

"ತಲೆ ಕೆಟ್ಟಿದೆಯಾ ನಿಮ್ಗೆ? ಹೊಡೆದ್ರೆ ಅವತ್ತೇ ಗೇಟಿಂದ ಆಚೆ ಹಾಕ್ತಾರೆ."

"ಅಂದ್ರೆ ನಿನ್ನ ಕೈ ನಿನ್ನ ಮಾತು ಕೇಳುತ್ತೆ," ಎಂದ ಕ್ಷೌರಿಕ.

ಅವಳು ಚಟ್ಟನೆ ತಿರುಗಿದಳು. ಬೈಯುತ್ತಾಳೆಂದುಕೊಂಡ. ಬೈಯಲಿಲ್ಲ. ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟು, ಅವನ ಕಡೆ ನೋಡದೆ ಹೇಳಿದಳು: "ಶಾಲೆಯಿಂದ ಫೋನ್ ಬಂತಲ್ಲ, ಅವತ್ತು ಆ ಮ್ಯಾನೇಜರು ಅಂಗಿ ಕಟ್ಟು ತೆಗ್ದು ನನ್ನ ಮುಖಕ್ಕೆ ಎಸ್ದಿದ್ದ. ಇಡೀ ಲೈನಿನ ಮುಂದೆ. ಹಲ್ಲು ಕಚ್ಕೊಂಡು ನಿಂತಿದ್ದೆ."

"ನಿನ್ನ ಮಗಳೂ ಅದನ್ನೇ ಮಾಡ್ತಿರೋದು ಕಣೇ."

ಕಂಡಕ್ಟರ್ ಸೀಟಿ ಊದಿದ. ಬಾಗಿಲು ಮುಚ್ಚಿತು.

ಆ ದಿನ ಅಂಗಡಿಯಲ್ಲಿ ಕ್ಷೌರಿಕನ ಊದಿದ ಬೆರಳು ಬಾಗಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಬ್ಬ ಗಿರಾಕಿಯ ಕೆನ್ನೆ ಕುಯ್ದ. "ಎಲ್ಲಿದೆಯಪ್ಪಾ ಗ್ಯಾನ?" ಎಂದ ಗಿರಾಕಿ. ಕ್ಷೌರಿಕ ಪಟಿಕ ಒತ್ತಿ, ಕ್ಷಮೆ ಕೇಳಿ, ಕನ್ನಡಿಯಲ್ಲಿ ತನ್ನ ಪರಚಿದ ಮುಖ ನೋಡಿಕೊಂಡ.

ಮನೆ ಒಂದೇ ದಿನಕ್ಕೆ ಬದಲಾಗಲಿಲ್ಲ. ಹೆಂಡತಿ ಮುರಿದ ಸ್ಕೇಲನ್ನು ಕಸದ ಗಾಡಿಗೆ ಹಾಕಿದಳು. ಹತ್ತು ದಿನವಾದ ಮೇಲೆ ಬರಿಗೈಯಲ್ಲೇ ಕಡ್ಡಿಯ ಬೆನ್ನಿಗೆ ಗುದ್ದಿದಳು. ಕ್ಷೌರಿಕ ಹೋಗಿ ನಡುವೆ ನಿಂತ. ಈ ಸಲ ನೂಕಲಿಲ್ಲ, ನಿಂತ ಅಷ್ಟೆ. ಎರಡು ಗುದ್ದು ಅವನ ಎದೆಗೇ ಬಿತ್ತು. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ನಲ್ಲಿ ಬಿಟ್ಟಳು. ಅದಾದ ಮೇಲೆ ಕೆಲವು ಸಂಜೆ ಅವಳು ಬಸ್ಸಿಳಿದು ನೇರ ಮನೆಗೆ ಬರದೆ ಅವನ ಅಂಗಡಿಗೆ ಬರತೊಡಗಿದಳು. ಖಾಲಿ ಕುರ್ಚಿಯಲ್ಲಿ ಕೂತು, ಮ್ಯಾನೇಜರನಿಗೆ ಅಲ್ಲಿ ಹೇಳಲಾಗದ್ದನ್ನೆಲ್ಲ ಕನ್ನಡಿಗೆ ಹೇಳುತ್ತಿದ್ದಳು. ಬೈಗುಳ ಕೇಳಿ ಗಿರಾಕಿಗಳು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ಮನೆಗೆ ಬರುತ್ತಿದ್ದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಮಗಳಿಗೆ ಈಗ ಎರಡು ಜೊತೆ ಚಪ್ಪಲಿಯ ಸದ್ದು.

ಮಗಳು ವಾರಕ್ಕೊಮ್ಮೆ ಹಲ್ಲಿನ ಡಾಕ್ಟರಲ್ಲಿಗೆ ಹೋದಳು. ಮೊದಲು ಮೆತ್ತಗೆ ಬೆಂದ ಅನ್ನ, ಆಮೇಲೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. "ಅಜ್ಜಿ ಊಟ, ಮೊಮ್ಮಗಳ ಊಟ ಒಂದೇ ಆಯ್ತು," ಎಂದು ಕಡ್ಡಿ ಅಣಕಿಸಿದ. ಮುರಿದ ಹಲ್ಲಿಗೆ ಟೋಪಿ ಹಾಕಿಸಿದ್ದಾಯಿತು. ಅದು ಉಳಿದ ಹಲ್ಲಿಗಿಂತ ಬೆಳ್ಳಗಿತ್ತು. ಆದರೂ ಅವಳು ಮಾತಾಡುತ್ತಿದ್ದುದು ಎರಡೇ: ಹೂಂ, ಉಹೂಂ.

ಹಾಗೆ ಏಳು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಹೆಂಡತಿ ಮೊಟ್ಟೆಯ ಪಲ್ಯ ಮಾಡಿದ್ದಳು. ಮಗಳು ಒಂದು ತುತ್ತು ಇಟ್ಟು ಮೆಲ್ಲಗೆ ಅಗಿದು ನುಂಗಿದಳು. ತಾಯಿಗೆ ಸಂತೋಷವಾಯಿತು. ಸಂತೋಷ ತೋರಿಸುವ ರೂಢಿಯಿಲ್ಲದ ಹೆಂಗಸು.

"ಅಂತೂ ನಾಟಕ ಮುಗೀತಲ್ಲ," ಎಂದಳು, ಇನ್ನೊಂದು ಸೌಟು ಬಡಿಸುತ್ತ.

ಮಗಳು ತಟ್ಟೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು.

"ನಾಟಕ ಅಲ್ಲ!"

ಆ ದನಿಯನ್ನು ಆ ಮನೆ ಕೇಳಿರಲಿಲ್ಲ. ಅತ್ತೆಯ ಕೈಯಿಂದ ಲೋಟ ಬಿತ್ತು. ಮಗಳ ಬಾಯಿ ಪೂರ್ತಿ ತೆರೆದಿತ್ತು. ಒಳಗಿನ ಸವೆದ ದವಡೆ ಹಲ್ಲಿನವರೆಗೂ ಕಾಣುತ್ತಿತ್ತು. "ನಾಟಕ ಅಲ್ಲ, ನಾಟಕ ಅಲ್ಲ, ನಾಟಕ ಅಲ್ಲ! ನೀನು ನನ್ನ ಹಲ್ಲು ಮುರಿದೆ! ಅವನ ಬೆನ್ನು ನೋಡಿದೀಯಾ ಒಂದಿನ? ಸ್ನಾನ ಮಾಡಿಸ್ತಾ ನೋಡಿದೀಯಾ? ನಾನು ನೋಡಿದೀನಿ! ನಾನು ಎಣ್ಣೆ ಹಚ್ಚಿದೀನಿ!"

ಹೆಂಡತಿ ಎದ್ದಳು. ಅವಳ ಬಲಗೈ ಮೇಲಕ್ಕೆ ಹೋಯಿತು. ಕ್ಷೌರಿಕನೂ ಅರ್ಧ ಎದ್ದ.

ಆಗ ಕಡ್ಡಿ ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡ. ಅವನನ್ನು ಯಾರೂ ಏನೂ ಅಂದಿರಲಿಲ್ಲ. ಮಾತೂ ಅವನದಲ್ಲ, ತಪ್ಪೂ ಅವನದಲ್ಲ. ಎಂಜಲು ಕೈಯ ಅನ್ನದ ಅಗುಳುಗಳು ಅವನ ಕೂದಲಿಗೆ ಅಂಟಿಕೊಂಡವು. ತಲೆ ಬಗ್ಗಿಸಿ, ಭುಜ ಕುಗ್ಗಿಸಿ, ಅವನು ಏಟಿಗೆ ಕಾಯುತ್ತ ಕೂತಿದ್ದ.

ತಾಯಿ ಅವನನ್ನು ನೋಡಿದಳು. ಎತ್ತಿದ ಕೈ ಅಲ್ಲೇ ನಿಂತಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಒಂದು ಗಳಿಗೆ ನಿಂತಳು. ಆಮೇಲೆ ಕೂತಳು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿ, ತನ್ನ ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು ಕೂತಳು.

"ಹೇಳು," ಎಂದಳು ಮಗಳಿಗೆ. "ಇನ್ನೂ ಏನೇನಿದೆ, ಎಲ್ಲಾ ಹೇಳು."

"ಅವನಿಗೆ ಹೊಡೆಯಲ್ಲ ತಾನೇ?"

"ಇಲ್ಲ."

"ನಾನು ಹೇಳಿದ್ದಕ್ಕೆ ಅವನಿಗೆ ಹೊಡೆಯಲ್ಲ ತಾನೇ?"

"ಇಲ್ವೇ. ಹೇಳು ನೀನು."

"ಅಪ್ಪ, ನೀನೂ ಕೂತ್ಕೊ," ಎಂದಳು ಮಗಳು. "ಎಲ್ಲೂ ಹೋಗ್ಬೇಡ."

ಕ್ಷೌರಿಕ ಕೂತ. ಮಗಳು ಛತ್ರಿ ಕಳೆದ ದಿನದಿಂದ ಶುರುಮಾಡಿದಳು. ಕೂಗಿದಳು, ಅತ್ತಳು, ಮತ್ತೆ ಕೂಗಿದಳು. ನೋವಾದಾಗ ದವಡೆ ಹಿಡಿದುಕೊಂಡು ನಿಲ್ಲಿಸಿದಳು. ನೋವು ಇಳಿದ ಮೇಲೆ ನಿಲ್ಲಿಸಿದಲ್ಲಿಂದಲೇ ಹಿಡಿದಳು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ಹೋದರು. ಊಟ ಆರಿತು. ಕಡ್ಡಿ ಯಾವಾಗಲೋ ತೋಳು ಇಳಿಸಿ, ಬಾಯಿ ಬಿಟ್ಟುಕೊಂಡು ಅಕ್ಕನನ್ನೇ ನೋಡುತ್ತಿದ್ದ. ತಾಯಿ ಒಂದು ಸಲವೂ ಕೈ ಹೊರಗೆ ತೆಗೆಯಲಿಲ್ಲ, ಕಣ್ಣೊರೆಸಿಕೊಳ್ಳಲು ಕೂಡ.